ಅರೆತೆರೆದ ಬಾಗಿಲು

ಉತ್ತರ ಇಟಲಿಯ ಮಾಸೆರ್ ಎಂಬ ಹಳ್ಳಿಯಲ್ಲಿ, ಬೆಟ್ಟದ ತಪ್ಪಲಿಗೆ ಬೆನ್ನು ಕೊಟ್ಟು ನಿಂತಿದೆ ವಿಲ್ಲಾ ಬಾರ್ಬರೊ. ನೆಲ ಸವೆಯದಿರಲೆಂದು ಬಾಗಿಲಲ್ಲಿ ಕೊಟ್ಟ ಮೆತ್ತನೆಯ ಪಾದರಕ್ಷೆಗಳನ್ನು ಮೆಟ್ಟಿ ನಾನು ಒಳಹೊಕ್ಕೆ. ಅರೆತೆರೆದ ಕದದ ಸಂದಿನಿಂದ ಹುಡುಗಿಯೊಬ್ಬಳು ಇಣುಕುತ್ತಿದ್ದಳು. ಅವಳಿಗೆ ದಾರಿ ಬಿಟ್ಟು ನಿಂತೆ. ಅವಳು ಕದಲಲಿಲ್ಲ. ಅಲ್ಲಿ ಬಾಗಿಲೂ ಇರಲಿಲ್ಲ, ಹುಡುಗಿಯೂ ಇರಲಿಲ್ಲ. ಇದ್ದುದು ಬರಿಯ ಗೋಡೆ, ಅದರ ಮೇಲೆ ಪಾವೊಲೊ ವೆರೊನೀಸೆಯ ಬಣ್ಣ.

ಪಾವೊಲೊ 1528ರಲ್ಲಿ ವೆರೋನಾ ನಗರದಲ್ಲಿ ಹುಟ್ಟಿದ. ಊರಿನ ಹೆಸರೇ ಅವನ ಹೆಸರಾಯಿತು. ತಂದೆ ಕಲ್ಲುಕುಟಿಗ. ಮಗ ಅಂತೋನಿಯೊ ಬದೀಲೆ ಎಂಬ ಚಿತ್ರಕಾರನಲ್ಲಿ ಕೆಲಸ ಕಲಿತ. 1566ರಲ್ಲಿ ಗುರುವಿನ ಮಗಳನ್ನೇ ವರಿಸಿದ. ಅದಕ್ಕೆ ಮೊದಲೇ ವೆನಿಸ್ ಸೇರಿ ಹೆಸರು ಗಳಿಸಿದ್ದ. ಬಾರ್ಬರೊ ಸೋದರರಿಗಾಗಿ ಪಲ್ಲಾಡಿಯೊ ಕಟ್ಟಿದ ಈ ಮನೆಗೆ ಅವನು ಬಂದದ್ದು 1560ರ ಸುಮಾರಿಗೆ.

ಭಿತ್ತಿಚಿತ್ರ ಅವಸರದ ಕಲೆ. ಹಸಿಗಾರೆ ಆರುವ ಮುನ್ನ ಬಣ್ಣವಿಡಬೇಕು. ಆರಿದ ಮೇಲೆ ಬಣ್ಣವೂ ಸುಣ್ಣವೂ ಒಂದೇ. ಚಾವಣಿಯ ತುಂಬ ಒಲಿಂಪಸ್ಸಿನ ದೇವತೆಗಳು. ಅವರ ಕೆಳಗೆ, ಬಣ್ಣದಲ್ಲೇ ಕಟ್ಟಿದ ಮೊಗಸಾಲೆಯಲ್ಲಿ ಮನೆಯೊಡತಿ. ಅವಳ ಪಕ್ಕದಲ್ಲಿ ದಾದಿ, ಪುಟ್ಟ ನಾಯಿ, ಒಂದು ಗಿಳಿ. ದೇವತೆಗಳಿಗೆ ಸಂದ ಶ್ರದ್ಧೆಯಲ್ಲಿ ದಾದಿಯ ಮುಖಕ್ಕೆ ಕಡಮೆಯಾಗಿಲ್ಲ. ಆದರೆ 1570ರಲ್ಲಿ ತನ್ನ ಗ್ರಂಥದಲ್ಲಿ ಈ ಮನೆಯನ್ನು ವರ್ಣಿಸಿದ ಪಲ್ಲಾಡಿಯೊ ವೆರೊನೀಸೆಯ ಹೆಸರನ್ನೇ ಎತ್ತಲಿಲ್ಲ.

ಇಂಥ ಸಾಮಾನ್ಯರೇ ಮುಂದೆ ಅವನನ್ನು ಕಷ್ಟಕ್ಕೆ ನೂಕಿದರು. ವೆನಿಸ್ಸಿನ ಮಠವೊಂದರ ಭೋಜನಶಾಲೆಗೆ ಅವನು ಕ್ರಿಸ್ತನ ಕಡೆಯ ಊಟವನ್ನು ಚಿತ್ರಿಸಿದ್ದ. 1573ರ ಜುಲೈ 18ರಂದು ಧರ್ಮವಿಚಾರಣೆಯ ಪೀಠ ಅವನನ್ನು ಕರೆಸಿತು. ಪವಿತ್ರ ಪಂಕ್ತಿಯಲ್ಲಿ ಗಿಳಿ ಹಿಡಿದ ವಿದೂಷಕನೇಕೆ? ಮೂಗಿನಲ್ಲಿ ರಕ್ತ ಸುರಿಸುವ ಆಳೇಕೆ? ಜರ್ಮನ್ ಸೈನಿಕರೇಕೆ? ಅವನು ವೀರನಲ್ಲ, ಹಿರಿಯ ಕಲಾವಿದರ ಮರೆ ಹೊಕ್ಕ, ಕವಿಗಳಿಗೂ ಹುಚ್ಚರಿಗೂ ಇರುವ ಸಲುಗೆ ಚಿತ್ರಕಾರರಿಗೂ ಉಂಟೆಂದ. ಮೂರು ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ಚಿತ್ರವನ್ನು ತಿದ್ದಬೇಕೆಂದು ಪೀಠ ವಿಧಿಸಿತು. ವಿದೂಷಕ ಉಳಿದ, ಸೈನಿಕರು ಉಳಿದರು, ಬದಲಾದದ್ದು ಹೆಸರು. ಚಿತ್ರ ಲೇವಿಯ ಮನೆಯ ಔತಣವಾಯಿತು. ಲೇವಿ ಸುಂಕದವನು; ಅವನ ಮನೆಯಲ್ಲಿ ಕ್ರಿಸ್ತನು ಪಾಪಿಗಳೆನಿಸಿದವರೊಡನೆ ಕುಳಿತು ಉಂಡನೆಂದು ಸುವಾರ್ತೆಯೇ ಹೇಳುತ್ತದೆ. ಆ ಚಿತ್ರ ಇಂದು ವೆನಿಸ್ಸಿನ ಅಕಾಡೆಮಿಯಾ ಸಂಗ್ರಹಾಲಯದಲ್ಲಿದೆ.

ವೆರೊನೀಸೆ 1588ರಲ್ಲಿ ತೀರಿಕೊಂಡ. ವರ್ಷಾನುಗಟ್ಟಲೆ ತಾನೇ ಸಿಂಗರಿಸಿದ ಸಂತ ಸೆಬಾಸ್ತಿಯಾನನ ಇಗರ್ಜಿಯಲ್ಲಿ ಅವನ ಸಮಾಧಿಯಿದೆ.

ಹೊರಡುವಾಗ ಮತ್ತೊಮ್ಮೆ ಆ ಬಾಗಿಲ ಬಳಿ ನಿಂತೆ. ಒಮ್ಮೆ ಒಳಗೆ ಬಿಟ್ಟುಕೊಂಡವರನ್ನು ಈ ಮನುಷ್ಯ ಹೊರಗಟ್ಟಲಿಲ್ಲ ಎಂಬ ಮಾತು ಮನಸ್ಸಿಗೆ ಬಂತು. ಹುಡುಗಿ ಇನ್ನೂ ಇಣುಕುತ್ತಿದ್ದಳು.