39 ಅಂಕಿಗಳನ್ನು ಗೆದ್ದ ಲ್ಯೂಕಾ

ನಮ್ಮ ಮಕ್ಕಳು ಕಂಪ್ಯೂಟರ್ ತರಗತಿಯಲ್ಲಿ ‘ಹನೋಯ್ ಗೋಪುರ’ ಎಂಬ ಆಟ ಕಲಿತು ಬರುತ್ತಾರೆ. ಮೂರು ಕಂಬ, ಕೆಲವು ಬಿಲ್ಲೆಗಳು. ಚಿಕ್ಕ ಬಿಲ್ಲೆಯ ಮೇಲೆ ದೊಡ್ಡದನ್ನು ಇಡುವಂತಿಲ್ಲ. 1883ರಲ್ಲಿ ಈ ಆಟವನ್ನು ಹೊರತಂದ ಎಡ್ವಾರ್ ಲ್ಯೂಕಾನ ನಿಜವಾದ ಸಾಧನೆ ಮಾತ್ರ ಬೇರೆಯೇ ಇದೆ.

ಲ್ಯೂಕಾ ಹುಟ್ಟಿದ್ದು 1842ರಲ್ಲಿ, ಫ್ರಾನ್ಸಿನ ಅಮಿಯಾಂ ಪಟ್ಟಣದಲ್ಲಿ. ಓದು ಮುಗಿಸಿ ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದಲ್ಲಿ ದುಡಿದ. 1870ರ ಪ್ರಷ್ಯಾ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದ. ಆಮೇಲೆ ಕೊನೆಯವರೆಗೂ ಶಾಲಾ ಮೇಷ್ಟರು.

127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆಯಿರಿ. ಸಿಗುವುದು ಈ ಸಂಖ್ಯೆ:

170141183460469231731687303715884105727

ಇದು ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ಭಾಗವಾಗದು ಎಂದು ಮೆರ್ಸೆನ್ ಎಂಬ ಪಾದ್ರಿ 1644ರಲ್ಲೇ ಹೇಳಿದ್ದ. ಆದರೆ ಪುರಾವೆ ಕೊಟ್ಟಿರಲಿಲ್ಲ. ಒಂದೊಂದಾಗಿ ಭಾಗಿಸಿ ನೋಡಲು ಏಳೇಳು ಜನ್ಮವೂ ಸಾಲದು. ಲ್ಯೂಕಾ ಅಡ್ಡದಾರಿಯಲ್ಲ, ಹೊಸ ದಾರಿಯನ್ನೇ ಕಂಡುಹಿಡಿದ. ಮುಂದೆ ಲೆಹ್ಮರ್ ತಿದ್ದಿದ ರೂಪದಲ್ಲಿ ಅದು ಹೀಗಿದೆ: 4ರಿಂದ ಶುರುಮಾಡಿ, ವರ್ಗ ಮಾಡಿ 2 ಕಳೆಯಿರಿ; ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡು ಮುಂದುವರಿಯಿರಿ. ಐದು ಎರಡುಗಳಿಂದ ಬರುವ 31ಕ್ಕೆ ಮಕ್ಕಳಿಂದ ಮಾಡಿಸಿ ನೋಡಿ: 4, 14, ಮುಂದೆ 194ರ ಶೇಷ 8, ಕೊನೆಗೆ 62. ಅದು 31ರಿಂದ ಪೂರ್ತಿ ಭಾಗವಾಗುತ್ತದೆ. ಆದ್ದರಿಂದ 31 ಅವಿಭಾಜ್ಯ. ಇಲ್ಲಿ ಮೂರು ಹೆಜ್ಜೆ. ಆ 39 ಅಂಕಿಗಳ ಸಂಖ್ಯೆಗೆ 125 ಹೆಜ್ಜೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, 1876ರಲ್ಲಿ, ಲ್ಯೂಕಾ ತನ್ನ ವಿಧಾನದಿಂದ ಅದನ್ನು ಸಾಧಿಸಿದ. 1951ರವರೆಗೆ, 75 ವರ್ಷ, ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಅದೇ.

ಅದೇ ವರ್ಷ, 67 ಎರಡುಗಳಿಂದ ಬರುವ ಸಂಖ್ಯೆ ಅವಿಭಾಜ್ಯವಲ್ಲ ಎಂದು ಹೇಳಿ ಮೆರ್ಸೆನ್ನನ ತಪ್ಪನ್ನೂ ಲ್ಯೂಕಾ ತೋರಿಸಿದ. ಯಾವುದರಿಂದ ಭಾಗವಾಗುತ್ತದೆ ಎಂಬುದು ಮಾತ್ರ ಅವನಿಗೂ ತಿಳಿದಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಮೈಯೊಳಗೆಲ್ಲೋ ಸೋಂಕಿದೆ ಎಂದು ಖಚಿತವಾಗಿ, ಎಲ್ಲಿ ಎಂಬುದು ತಿಳಿಯದಂತಹ ಸ್ಥಿತಿ ಅದು. ಉತ್ತರ ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಕೋಲ್ ಎಂಬ ಗಣಿತಜ್ಞನಿಂದ. ಆ ಹೊತ್ತಿಗೆ ಲ್ಯೂಕಾ ಇರಲಿಲ್ಲ.

1891ರಲ್ಲಿ ಒಂದು ಔತಣದಲ್ಲಿ ಬಡಿಸುವವನ ಕೈಜಾರಿ ತಟ್ಟೆ ಬಿದ್ದು ಒಡೆಯಿತು. ಚೂರೊಂದು ಸಿಡಿದು ಲ್ಯೂಕಾನ ಕೆನ್ನೆ ಸೀಳಿತು. ಗಾಯಕ್ಕೆ ಎರಿಸಿಪೆಲಾಸ್ ಎಂಬ ಚರ್ಮದ ಸೋಂಕು ತಗಲಿ ಕೆಲವೇ ದಿನಗಳಲ್ಲಿ, ಅಕ್ಟೋಬರ್ 3ರಂದು, ಸಾವು ಬಂತು. ವಯಸ್ಸು 49. ಇಂದು ಕೆಲವು ದಿನಗಳ ಔಷಧಿಗೆ ಸಾಮಾನ್ಯವಾಗಿ ವಾಸಿಯಾಗುವ ಕಾಯಿಲೆ. ಆದರೆ ಪೆನಿಸಿಲಿನ್ ಕಣ್ಣಿಗೆ ಬೀಳಲು ಆಗಿನ್ನೂ 37 ವರ್ಷ ಬಾಕಿ ಇತ್ತು.

ದೇಹ ಹೋಯಿತು, ವಿಧಾನ ಉಳಿಯಿತು. 2024ರಲ್ಲಿ ಇದೇ ಕುಟುಂಬದ, 4 ಕೋಟಿಗೂ ಹೆಚ್ಚು ಅಂಕಿಗಳ ಅವಿಭಾಜ್ಯವೊಂದು ಸಿಕ್ಕಾಗ ಕಂಪ್ಯೂಟರುಗಳು ಅದನ್ನು ಖಚಿತಪಡಿಸಿದ್ದು ಆ ಮೇಷ್ಟರ ದಾರಿಯಲ್ಲೇ.