ಶಿಕ್ಷಕರ ಪಾಲಕ ಸಂತ ಡಿ ಲಾ ಸಾಲ್

ಏಪ್ರಿಲ್ 7ರಂದು ಧರ್ಮಸಭೆಯು ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್‌ರನ್ನು ಸ್ಮರಿಸುತ್ತದೆ. ತಪಸ್ಸುಕಾಲದಲ್ಲೋ ಪಾಸ್ಕದ ಸಂಭ್ರಮದಲ್ಲೋ ಬರುವ ಈ ಸ್ಮರಣೆಯು ನಮ್ಮ ಧರ್ಮಕೇಂದ್ರಗಳಲ್ಲಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಶಾಲೆಗಳಿಗಂತೂ ಅದು ಪರೀಕ್ಷೆ ಮುಗಿದು ರಜೆಯನ್ನು ಎದುರುನೋಡುವ ಹೊತ್ತು. ಆದರೆ ಸಾಲಾಗಿ ಕುಳಿತು ಒಂದೇ ಪಾಠವನ್ನು ಒಟ್ಟಿಗೆ ಓದಿ ಬೆಳೆದ ನಾವೆಲ್ಲರೂ ಈ ಸಂತರಿಗೆ ಒಂದಿಷ್ಟು ಋಣಿಗಳು.

ಫ್ರಾನ್ಸಿನ ರೀಮ್ಸ್ ನಗರದ ಸಿರಿವಂತ ಮನೆತನದಲ್ಲಿ 1651ರ ಏಪ್ರಿಲ್ 30ರಂದು ಹಿರಿಯ ಮಗನಾಗಿ ಅವರು ಜನಿಸಿದರು. ಹದಿನಾರು ತುಂಬುವ ಮೊದಲೇ ಪ್ರಧಾನ ದೇವಾಲಯದ ಕ್ಯಾನನ್ ಪದವಿ, ಅದರೊಡನೆ ಉತ್ತಮ ವರಮಾನ ದೊರೆಯಿತು. 1672ರ ಹೊತ್ತಿಗೆ ತಂದೆತಾಯಿಗಳಿಬ್ಬರೂ ತೀರಿಕೊಂಡಾಗ ತಮ್ಮತಂಗಿಯರ ಹೊಣೆ ಅವರ ಮೇಲೆ ಬಿತ್ತು. 1678ರಲ್ಲಿ ಯಾಜಕದೀಕ್ಷೆ, 1680ರಲ್ಲಿ ದೈವಶಾಸ್ತ್ರದಲ್ಲಿ ಡಾಕ್ಟರೇಟ್. ಮುಂದಿನ ದಾರಿ ಮೇಲಕ್ಕೇ ಎಂದು ಬಂಧುಗಳು ಎಣಿಸಿದ್ದರು.

1679ರಲ್ಲಿ ಅದ್ರಿಯಾನ್ ನಿಯೆಲ್ ಎಂಬವರು ಬಡ ಬಾಲಕರಿಗಾಗಿ ಶಾಲೆ ತೆರೆಯಲು ರೀಮ್ಸ್‌ಗೆ ಬಂದರು. ಡಿ ಲಾ ಸಾಲ್ ನೆರವಾದರು, ಅಷ್ಟೇ. ಶಾಲೆಗಳೇನೋ ತೆರೆದವು, ಶಿಕ್ಷಕರು ಮಾತ್ರ ತಕ್ಕಷ್ಟು ಓದಿದವರಲ್ಲ, ಕಲಿಸುವ ಬಗೆಯನ್ನು ಅರಿತವರೂ ಅಲ್ಲ. ಅವರನ್ನು ಊಟಕ್ಕೆ ಮನೆಗೆ ಕರೆದರು. 1681ರಲ್ಲಿ ಮನೆಯಲ್ಲೇ ಇರಿಸಿಕೊಂಡರು. ಬಂಧುಗಳು ಸಿಡಿದೆದ್ದರು. ಮರುವರ್ಷ ಅವರು ಆ ಶಿಕ್ಷಕರೊಡನೆ ಬಾಡಿಗೆ ಮನೆಗೆ ಹೊರಟೇಹೋದರು. ಮೊದಮೊದಲು ಅಲ್ಲಿನ ಊಟ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲವೆಂದು ಚರಿತ್ರಕಾರರು ಹೇಳುತ್ತಾರೆ. ಈ ಶಿಕ್ಷಕರನ್ನು ತಾವು ಒಮ್ಮೆ ತಮ್ಮ ಮನೆಯ ಆಳಿಗಿಂತಲೂ ಕೆಳಗಿನವರೆಂದು ಎಣಿಸಿದ್ದುದಾಗಿ ಅವರೇ ಮುಂದೆ ಬರೆದುಕೊಂಡಿದ್ದಾರೆ.

ದೇವರ ಪಾಲನೆಯಲ್ಲಿ ಭರವಸೆಯಿಡಿರೆಂದು ಅವರು ಆ ಶಿಕ್ಷಕರಿಗೆ ಬೋಧಿಸಿದಾಗ ಬಂದ ಉತ್ತರ ಕಟುವಾಗಿತ್ತು. ಪದವಿಯೂ ಆಸ್ತಿಯೂ ಇರುವ ತಮಗೆ ಆ ಮಾತು ಸುಲಭ. ಶಾಲೆ ಮುಚ್ಚಿದರೆ ಬೀದಿಗೆ ಬೀಳುವವರು ನಾವು ಎಂದು ಅವರು ಮುಖಕ್ಕೇ ಹೇಳಿದರು. ಪ್ರವಚನ ಮಾಡುವ ನಮ್ಮಂಥವರನ್ನು ಈ ಪ್ರಸಂಗವು ಇಂದಿಗೂ ಚುಚ್ಚುತ್ತದೆ. ಡಿ ಲಾ ಸಾಲ್ ವಾದಿಸಲಿಲ್ಲ. 1683ರಲ್ಲಿ ಕ್ಯಾನನ್ ಪದವಿಯನ್ನು ತ್ಯಜಿಸಿದರು. ಬೆನ್ನಿಗೇ ಬಂದ ಬರಗಾಲದಲ್ಲಿ ತಮ್ಮ ಸಂಪತ್ತನ್ನು ಹಸಿದವರಿಗೆ ರೊಟ್ಟಿಯಾಗಿ ಹಂಚಿದರು, ತಮ್ಮ ಶಾಲೆಗಳಿಗೆಂದೂ ಕೂಡಿಡಲಿಲ್ಲ. ಆಮೇಲೆ ಆ ಶಿಕ್ಷಕರು ಅವರ ಮಾತನ್ನು ಕೇಳಿದರು.

ಅಂದಿನ ಶಾಲೆಗಳಲ್ಲಿ ಗುರುವು ಒಬ್ಬೊಬ್ಬನನ್ನೇ ಬಳಿಗೆ ಕರೆದು ಪಾಠ ಹೇಳುತ್ತಿದ್ದುದು ವಾಡಿಕೆ. ಉಳಿದವರದು ಗದ್ದಲ, ಇಲ್ಲವೇ ತೂಕಡಿಕೆ. ಓದಿನ ಆರಂಭವೂ ಮನೆಯಲ್ಲಿ ಯಾರೂ ಆಡದ ಲ್ಯಾಟಿನ್ ಭಾಷೆಯಲ್ಲಿ. ಡಿ ಲಾ ಸಾಲ್ ಮಕ್ಕಳಿಗೆ ಮೊದಲು ಫ್ರೆಂಚ್ ಓದಿಸಿದರು. ಕೆಲವೇ ವರ್ಷಗಳಲ್ಲಿ ದುಡಿಮೆಗೆ ಹೋಗಬೇಕಾದ ಬಡವನ ಮಗನಿಗೆ ಅರ್ಧ ಕಲಿತ ಲ್ಯಾಟಿನ್‌ನಿಂದ ಏನು ಫಲ? ನಮ್ಮೂರಿನ ಮನೆಗಳಲ್ಲಿಯೂ ಶಾಲೆಯ ಮಾಧ್ಯಮದ ಚರ್ಚೆ ಎದ್ದಾಗಲೆಲ್ಲ ನಮಗೆ ಇದು ನೆನಪಾಗುತ್ತದೆ.

ಮಕ್ಕಳನ್ನು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ, ಒಬ್ಬನು ಓದುವಾಗ ಉಳಿದವರು ಅದೇ ಪಾಠದ ಮೇಲೆ ಕಣ್ಣಿಟ್ಟು ಅನುಸರಿಸುವಂತೆ ಮಾಡಿದರು. ಈ ವಿಧಾನವನ್ನು ಅವರೇ ಮೊದಲು ಕಂಡುಹಿಡಿದರೆನ್ನುವುದು ಅತಿಶಯೋಕ್ತಿ. ಅದನ್ನು ಕ್ರಮಕ್ಕೆ ತಂದು ಶಾಲೆಯಿಂದ ಶಾಲೆಗೆ ಹರಡಿದವರು ಅವರು. ಗುರುವು ಆದಷ್ಟು ಕಡಿಮೆ ಮಾತಾಡಬೇಕಿತ್ತು. ಓದುವವನು ತಪ್ಪಿದಾಗ ಕೈಯಲ್ಲಿನ ಪುಟ್ಟ ಸಾಧನದಿಂದ ಟಕ್ಕೆಂದು ಸದ್ದು ಮಾಡುವುದು. ಮಗು ನಿಂತು, ಹಿಂದೆ ನೋಡಿ, ತಾನೇ ತಿದ್ದಿಕೊಳ್ಳುವುದು. ಆಗದಿದ್ದರೆ ಮತ್ತೊಬ್ಬ ಹುಡುಗನಿಗೆ ಸನ್ನೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಜ್ಞಾನವೆಂದರೇನೆಂದು ನಾವು ಪುಟಗಟ್ಟಲೆ ಬರೆದೆವು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಾತ್ರ, ಮಗುವು ಬಾಯಿ ತೆರೆಯುವ ಮುನ್ನವೇ ಉತ್ತರವನ್ನು ನಾವೇ ಹೇಳಿಬಿಡುತ್ತೇವೆ.

ಹೊಸ ಬಾಲಕನು ಬಂದಾಗ ಅವನ ಸ್ವಭಾವ, ಹಿಂದಿನ ಕಲಿಕೆಗಳನ್ನು ಹೆತ್ತವರಲ್ಲಿ ಕೇಳಿ ತಿಳಿಯುತ್ತಿದ್ದರು. ವರ್ಷದ ಕೊನೆಗೆ ಪ್ರತಿಯೊಬ್ಬನ ಗುಣದೋಷಗಳನ್ನು ಬರೆದು ಮುಂದಿನ ಗುರುವಿಗೆ ಒಪ್ಪಿಸುತ್ತಿದ್ದರು. ಬೆಳಗಿನ ಉಪಾಹಾರ ಶಾಲೆಯಲ್ಲೇ. ಉಳ್ಳವರು ಕೊಟ್ಟ ರೊಟ್ಟಿ ಇಲ್ಲದವರಿಗೆ ಹಂಚಿಕೆಯಾಗುತ್ತಿತ್ತು. ಗೈರುಹಾಜರಿಗೆ ಮಗುವನ್ನಷ್ಟೇ ದೂರದೆ ಕಾರಣಗಳನ್ನು ಹುಡುಕಿದರು: ಹೆತ್ತವರ ಬಡತನ ಒಂದಾದರೆ, ಮಗುವಿನ ಪ್ರೀತಿ ಗಳಿಸಲರಿಯದ ಗುರು ಇನ್ನೊಂದು. ಬೆತ್ತವನ್ನು ಅವರು ಪೂರ್ತಿ ಕೈಬಿಡಲಿಲ್ಲ, ಅದಕ್ಕೆ ಹಲವು ಕಟ್ಟುಪಾಡು ವಿಧಿಸಿದರು. ಇಂದಿನ ಕಣ್ಣಿಗೆ ಅದು ಸಾಲದು. ಅಂದಿಗೆ ಅದೂ ದೊಡ್ಡದೇ.

ಇದಾವುದೂ ಸುಲಭವಾಗಿ ನಡೆಯಲಿಲ್ಲ. ಪ್ಯಾರಿಸಿನಲ್ಲಿ ಶುಲ್ಕ ಪಡೆದು ಬರವಣಿಗೆ ಕಲಿಸುತ್ತಿದ್ದ ಗುರುಗಳು ತಮ್ಮ ಅನ್ನಕ್ಕೆ ಕುತ್ತೆಂದು ನ್ಯಾಯಾಲಯಕ್ಕೆಳೆದು ಗೆದ್ದರು. ಮತ್ತೊಂದು ಮೊಕದ್ದಮೆಯಿಂದ ಅಪಮಾನಿತರಾಗಿ ಅವರು 1712ರಲ್ಲಿ ದಕ್ಷಿಣ ಫ್ರಾನ್ಸಿಗೆ ಹೊರಟುಹೋದರು. ತಾವೇ ಈ ಕಾರ್ಯಕ್ಕೆ ಅಡ್ಡಿಯೇನೋ ಎಂಬ ಶಂಕೆ ಅವರನ್ನು ಕಾಡಿತು. 1714ರಲ್ಲಿ ಪ್ಯಾರಿಸಿನ ಸುತ್ತಲಿನ ಸಹೋದರರು, ತಾವು ವಿಧೇಯತೆಯ ವ್ರತ ಕೊಟ್ಟಿರುವುದನ್ನು ನೆನಪಿಸಿ, ಕೂಡಲೇ ಮರಳಬೇಕೆಂದು ಸ್ಥಾಪಕರಿಗೇ ಆಜ್ಞಾಪಿಸಿ ಪತ್ರ ಬರೆದರು. ಅವರು ಮರಳಿದರು. 1717ರಲ್ಲಿ ಸಹೋದರರಲ್ಲೊಬ್ಬರು ಮುಖ್ಯಸ್ಥರಾಗಿ ಆಯ್ಕೆಯಾದಾಗ ಅವರಿಗೆ ಅಧೀನರಾಗಿ ಬಾಳಿದರು.

1719ರ ಏಪ್ರಿಲ್ 7, ಶುಭ ಶುಕ್ರವಾರದಂದು ರೂವಾನ್ ನಗರದಲ್ಲಿ ಅವರು ದೈವಾಧೀನರಾದರು. 1900ರಲ್ಲಿ 13ನೇ ಲಿಯೋ ಜಗದ್ಗುರುಗಳು ಸಂತ ಪದವಿಗೇರಿಸಿದರು. 1950ರಲ್ಲಿ 12ನೇ ಪಿಯೂಸರು ಶಿಕ್ಷಕರ ಪಾಲಕರೆಂದು ಸಾರಿದರು. ಅವರ ಶಾಲೆಗಳ ಕೈಪಿಡಿಯು ತೀರಿಕೊಂಡ ಮರುವರ್ಷ ಅಚ್ಚಾಯಿತು. ಅದು ಒಬ್ಬರೇ ಕುಳಿತು ಬರೆದುದಲ್ಲ. ಮಕ್ಕಳ ನಡುವೆ ವರ್ಷಗಳನ್ನು ಕಳೆದ ಸಹೋದರರೊಡನೆ ಮಾತಾಡಿ, ಕಂಡುದನ್ನೆಲ್ಲ ಕೂಡಿಸಿ, ಕೆಲಸಕ್ಕೆ ಬಾರದುದನ್ನು ತೆಗೆದುಹಾಕಿ ರೂಪಿಸಿದ ಪುಸ್ತಕ.