ಅಚ್ಚಿನ ಚಿತ್ರಗಾರ ಡ್ಯೂರರ್

ಗೋಡೆಯ ಮೇಲೆ ಬರೆದ ಚಿತ್ರವನ್ನು ನೋಡಲು ಜನರು ಅಲ್ಲಿಗೇ ಹೋಗಬೇಕು. ಅದನ್ನೇ ಮರದ ಹಲಗೆಯಲ್ಲಿ ಕೆತ್ತಿ, ಮಸಿ ಹಚ್ಚಿ, ಕಾಗದದ ಮೇಲೆ ಒತ್ತಿದರೆ ಚಿತ್ರವೇ ಜನರ ಬಳಿಗೆ ಬರುತ್ತದೆ. ಈ ಅಚ್ಚಿನ ಕಲೆಗೆ ದೊಡ್ಡ ಹೆಸರು ತಂದವನು ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್.

ಡ್ಯೂರರ್ 1471ರ ಮೇ 21ರಂದು ನ್ಯೂರೆಂಬರ್ಗ್ ನಗರದಲ್ಲಿ ಹುಟ್ಟಿದನು. ಹಂಗೇರಿಯಿಂದ ಬಂದು ನೆಲೆಸಿದ್ದ ತಂದೆ ಅಕ್ಕಸಾಲಿಗ. ಬಾಲಕನು ತಂದೆಯ ಬಳಿ ಲೋಹದ ಕೆಲಸ ಕಲಿತನು. ಆದರೆ ಅವನ ಮನಸ್ಸು ಚಿತ್ರಕಲೆಯ ಕಡೆಗಿತ್ತು. ಕಲಿಸಿದ್ದೆಲ್ಲ ವ್ಯರ್ಥವಾಯಿತೆಂದು ತಂದೆ ನೊಂದುಕೊಂಡನು. ಆದರೂ 1486ರಲ್ಲಿ ಮಗನನ್ನು ವೋಲ್ಗೆಮುಟ್ ಎಂಬ ಚಿತ್ರಗಾರನ ಬಳಿ ಸೇರಿಸಿದನು. ಆ ಕಲಿಕೆ ವ್ಯರ್ಥವಾಗಲಿಲ್ಲ. ಮುಂದೆ ತಾಮ್ರದ ತಗಡಿನ ಮೇಲೆ ಕೂದಲೆಳೆಯಂಥ ಗೆರೆಗಳನ್ನು ಕೊರೆಯಲು ಅದೇ ಕೈಪಳಗು ನೆರವಾಯಿತು.

1498ರಲ್ಲಿ ಡ್ಯೂರರನು ಬೈಬಲಿನ ಕೊನೆಯ ಭಾಗವನ್ನು ಹದಿನೈದು ಮರದಚ್ಚಿನ ಚಿತ್ರಗಳೊಡನೆ ತಾನೇ ಪ್ರಕಟಿಸಿದನು. ಅವನ ಹೆಂಡತಿ ಆಗ್ನೆಸ್ ಜಾತ್ರೆ ಸಂತೆಗಳಿಗೆ ಹೋಗಿ ಅಚ್ಚಿನ ಚಿತ್ರಗಳನ್ನು ಮಾರುತ್ತಿದ್ದಳು. ತನ್ನ ಹೆಸರಿನ ಮೊದಲಕ್ಷರಗಳಾದ 'ಎ' ಮತ್ತು 'ಡಿ'ಗಳನ್ನು ಒಂದರೊಳಗೊಂದು ಹೆಣೆದು ಅವನು ಚಿತ್ರಗಳಿಗೆ ಗುರುತು ಹಾಕುತ್ತಿದ್ದನು. ಹೆಸರು ಬೆಳೆದಂತೆ ಕಳ್ಳ ಅಚ್ಚುಗಳೂ ಹುಟ್ಟಿಕೊಂಡವು. ಹೊರಊರಿನವನೊಬ್ಬನು ನ್ಯೂರೆಂಬರ್ಗಿನಲ್ಲಿಯೇ ಡ್ಯೂರರನ ಗುರುತಿರುವ ನಕಲಿ ಚಿತ್ರಗಳನ್ನು ಮಾರತೊಡಗಿದನು. 1512ರಲ್ಲಿ ನಗರಸಭೆ ಆ ಗುರುತುಗಳನ್ನು ತೆಗೆದುಹಾಕಲು ಅವನಿಗೆ ಆಜ್ಞೆ ಮಾಡಿತು.

ಡ್ಯೂರರನ ಒಂದು ಚಿತ್ರಕ್ಕೆ ನಮ್ಮ ದೇಶದ ನಂಟಿದೆ. ಗುಜರಾತಿನ ಸುಲ್ತಾನನು ಪೋರ್ಚುಗೀಸರಿಗೆ ಒಂದು ಖಡ್ಗಮೃಗವನ್ನು ಕಾಣಿಕೆ ಕೊಟ್ಟನು. ಅದು ಗೋವೆಯಿಂದ ಹಡಗೇರಿ 1515ರ ಮೇ ತಿಂಗಳಲ್ಲಿ ಲಿಸ್ಬನ್ ತಲುಪಿತು. ಡ್ಯೂರರನು ಆ ಪ್ರಾಣಿಯನ್ನು ನೋಡಲೇ ಇಲ್ಲ. ಅಲ್ಲಿಂದ ಬಂದ ವಿವರಣೆ ಮತ್ತು ರೇಖಾಚಿತ್ರವನ್ನು ನಂಬಿ ಅದೇ ವರ್ಷ ಮರದಚ್ಚು ಮಾಡಿಸಿದನು. ಮೈಗೆ ಯೋಧನ ಕವಚದಂಥ ಫಲಕಗಳು ಬಂದವು. ಬೆನ್ನ ಮೇಲೆ ಇಲ್ಲದ ಚಿಕ್ಕ ಕೊಂಬೊಂದು ಮೂಡಿತು. ಪ್ರಾಣಿ 1513ರಲ್ಲಿ ಬಂತೆಂಬ ತಪ್ಪು ಬರಹವೂ ಸೇರಿತು. ಚಿತ್ರ ಎಷ್ಟು ಸೊಗಸಾಗಿತ್ತೆಂದರೆ, ಯುರೋಪಿನ ಜನರು ಎರಡು ಶತಮಾನಗಳಿಗೂ ಹೆಚ್ಚು ಕಾಲ ಖಡ್ಗಮೃಗ ಹೀಗೆಯೇ ಇರುತ್ತದೆಂದು ನಂಬಿದರು. ಅಚ್ಚು ಕಲೆಯನ್ನು ಮನೆಮನೆಗೆ ಒಯ್ದಂತೆ ತಪ್ಪನ್ನೂ ಒಯ್ದಿತು.

ಡ್ಯೂರರನು ಅಳತೆ, ಆಕಾರಗಳ ಶಾಸ್ತ್ರವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಗ್ರಂಥಗಳನ್ನು ಬರೆದನು. 1528ರ ಏಪ್ರಿಲ್ 6ರಂದು ತನ್ನ ಊರಿನಲ್ಲೇ ತೀರಿಕೊಂಡನು.

ಅವನು ಹೋದ ಮೇಲೂ ಅವನ ಹಲಗೆಗಳಿಂದ ಚಿತ್ರಗಳು ಅಚ್ಚಾಗುತ್ತಲೇ ಇದ್ದವು. ಇವುಗಳಲ್ಲಿ ಮೊದಲಿನದು ಯಾವುದು, ಅನಂತರದ್ದು ಯಾವುದು, ನಕಲು ಯಾವುದು? ಇದನ್ನು ತಿಳಿಯುವುದೇ ಒಂದು ಶಾಸ್ತ್ರವಾಗಿ ಬೆಳೆಯಿತು. ವಿಯೆನ್ನಾದ ಅರಮನೆಯ ಗ್ರಂಥಾಲಯದಲ್ಲಿದ್ದ ಆಡಂ ಬಾರ್ಟ್ಶ್ ಎಂಬ ವಿದ್ವಾಂಸನು 1803ರಿಂದ 1821ರವರೆಗೆ ಇಂಥ ಅಚ್ಚಿನ ಚಿತ್ರಗಳನ್ನು 21 ಸಂಪುಟಗಳಲ್ಲಿ ಪಟ್ಟಿ ಮಾಡಿದನು. ಅವನ ಪಟ್ಟಿಯಲ್ಲಿ ಡ್ಯೂರರನ ಖಡ್ಗಮೃಗದ ಸಂಖ್ಯೆ 136. ಇಂದಿಗೂ ವಿದ್ವಾಂಸರು ಈ ಸಂಖ್ಯೆಯನ್ನು ಬಳಸುತ್ತಾರೆ. ಹಲಗೆ ಹಳತಾದಂತೆ ಅದರಲ್ಲಿ ಬಿರುಕು ಬಿಟ್ಟಿತು. ಖಡ್ಗಮೃಗದ ಕಾಲುಗಳ ಮೇಲೆ ಆ ಬಿರುಕಿನ ಬಿಳಿಗೆರೆ ಕಂಡರೆ, ಅದು ಡ್ಯೂರರನು ತೀರಿಕೊಂಡು ಬಹುಕಾಲದ ಮೇಲೆ ಒತ್ತಿದ ಪ್ರತಿಯೆಂದು ಅವರು ಹೇಳಬಲ್ಲರು.